ಸಂಪಾದಕರ ಉತ್ತರ: ಧಾರಾವಾಹಿ ಮುಗಿದ ಮೇಲೆ ಬರುವ ಆ ಹೆಸರುಗಳು

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: ‘ಅಮೆರಿಕದಲ್ಲಿ ಮಗನ ಮನೆಗೆ ಹೋಗಿದ್ದಾಗ ಸೊಸೆ ಜೊತೆ ಕೂತು ‘ಡೇಸ್ ಆಫ್ ಅವರ್ ಲೈವ್ಸ್’ ಧಾರಾವಾಹಿ ನೋಡ್ತಿದ್ದೆ. ಪ್ರತಿ ಸಲ ಕೊನೆಗೆ ಕಾರ್ಡೆ ಅಂತ ಒಂದು ಹೆಸರು, ಸೋನಿ ಅಂತ ಇನ್ನೊಂದು ಹೆಸರು ಬಂದು ಮಾಯವಾಗುತ್ತೆ. ನಿಜವಾಗಿ ಅದನ್ನು ತೆಗೆದವರು ಯಾರು? ನೋಡುವವರಿಗೆ ಈ ಲಾಂಛನಗಳಿಂದ ಏನು ಉಪಯೋಗ? ತೆಗೆದುಹಾಕಿದರೆ ಯಾರಿಗೆ ನಷ್ಟ?’

ಅಮ್ಮಾ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸುಲಭ. ತೆಗೆದವರು ಕಾರ್ಡೆ ಮನೆಯವರು. ಟೆಡ್ ಕಾರ್ಡೆ ಮತ್ತು ಬೆಟ್ಟಿ ಕಾರ್ಡೆ ಎಂಬ ದಂಪತಿ ಶುರು ಮಾಡಿದ ಧಾರಾವಾಹಿ ಅದು. ಎನ್‌ಬಿಸಿ ವಾಹಿನಿಯಲ್ಲಿ ಮೊದಲ ಕಂತು ಬಂದದ್ದು 1965ರ ನವೆಂಬರ್ 8ರಂದು. ಮರುವರ್ಷವೇ ಟೆಡ್ ತೀರಿಕೊಂಡರು. ಆಮೇಲೆ ಬೆಟ್ಟಿ ಅದನ್ನು ನಡೆಸಿದರು, ಅವರ ನಂತರ ಮಗ ಕೆನ್. ಮೂಲ ಮನೆತನ ಇವತ್ತಿಗೂ ಬದಲಾಗಿಲ್ಲ.

ಆದರೆ ಪಕ್ಕದ ಹೆಸರು, ಅಂದರೆ ಧಾರಾವಾಹಿಯನ್ನು ವಿತರಿಸುವ ಕಂಪನಿಯದು, ಎಷ್ಟು ಸಲ ಬದಲಾಗಿದೆ ನೋಡಿ. ಶುರುವಿನಲ್ಲಿ ಅಲ್ಲಿದ್ದದ್ದು ಸ್ಕ್ರೀನ್ ಜೆಮ್ಸ್. ಕೊಲಂಬಿಯಾ ಪಿಕ್ಚರ್ಸ್ ಎಂಬ ಸಿನಿಮಾ ಕಂಪನಿಯ ಟಿವಿ ವಿಭಾಗ ಅದು. ಧಾರಾವಾಹಿ ಶುರುವಾದ ವರ್ಷವೇ ಸ್ಕ್ರೀನ್ ಜೆಮ್ಸ್ ಹೊಸ ಲಾಂಛನ ತಂದಿತು. ಹಳದಿ ಪರದೆ. ಎರಡು ಕಡೆಯಿಂದ ಎರಡು ಕೆಂಪು ಪಟ್ಟಿಗಳು ಜಾರಿಕೊಂಡು ಬಂದು, ನಡುವಿನ ಕೆಂಪು ಚುಕ್ಕೆಯನ್ನು ಸುತ್ತುವರಿದು, ಇಂಗ್ಲಿಷಿನ ‘ಎಸ್’ ಅಕ್ಷರ ಆಗುತ್ತವೆ. ಇರುವುದು ಕೆಲವೇ ಸೆಕೆಂಡು. ಅದಕ್ಕೆ ಸ್ವರ ಕೊಟ್ಟವರು ಎರಿಕ್ ಸೈಡೆ. ಎಲೆಕ್ಟ್ರಾನಿಕ್ ವಾದ್ಯಗಳು ಇನ್ನೂ ಹೊಸದಾಗಿದ್ದ ಕಾಲದಲ್ಲಿ ಜಾಹೀರಾತುಗಳಿಗೆ ಅದರಿಂದ ಸಂಗೀತ ಮಾಡುತ್ತಿದ್ದ ಮನುಷ್ಯ. ಪಿಟೀಲಲ್ಲ, ತುತ್ತೂರಿಯಲ್ಲ, ಎಲ್ಲಿಂದ ಬಂತು ಅಂತಲೇ ತಿಳಿಯದ ಒಂದು ದನಿ. ಅದನ್ನು ಕೇಳಿ ಎಷ್ಟೋ ಮಕ್ಕಳು ಹೆದರಿ ಸೋಫಾ ಹಿಂದೆ ಅವಿತುಕೊಳ್ಳುತ್ತಿದ್ದರಂತೆ. ಆ ಭಯ ಅವರು ದೊಡ್ಡವರಾದ ಮೇಲೂ ಹೋಗಲಿಲ್ಲ. 2010ರಲ್ಲಿ ರಾಡ್ನಿ ಆ್ಯಷರ್ ಎಂಬ ನಿರ್ದೇಶಕ ಇದರ ಮೇಲೆಯೇ ಒಂದು ಕಿರುಸಾಕ್ಷ್ಯಚಿತ್ರ ತೆಗೆದರು. ಕೆಲವೇ ಸೆಕೆಂಡಿನ ಕೆಲಸವೊಂದು ಜನರ ಮನಸ್ಸಲ್ಲಿ 40 ವರ್ಷ ಉಳಿಯುತ್ತದೆ ಅಂದರೆ ಅದು ಸಣ್ಣ ಮಾತಲ್ಲ, ಅಲ್ವಾ?

1974ರಲ್ಲಿ ಸ್ಕ್ರೀನ್ ಜೆಮ್ಸ್ ಹೆಸರು ಹೋಗಿ ಕೊಲಂಬಿಯಾ ಪಿಕ್ಚರ್ಸ್ ಟೆಲಿವಿಷನ್ ಅಂತಾಯಿತು. ಎರಡು ವರ್ಷಕ್ಕೆ ಲಾಂಛನವೂ ಬದಲಾಯಿತು. ಕೊಲಂಬಿಯಾದ ಪಂಜು ಹಿಡಿದ ಹೆಂಗಸನ್ನು ನೀವು ಸಿನಿಮಾಗಳಲ್ಲಿ ನೋಡಿರುತ್ತೀರಿ. ಹೊಸ ಲಾಂಛನದಲ್ಲಿ ಅವಳನ್ನೇ ಬಿಟ್ಟು, ಪಂಜಿನ ಬೆಳಕಿನ ಗೆರೆಗಳನ್ನಷ್ಟೇ ಉಳಿಸಿಕೊಂಡರು. ನನಗಂತೂ ಅದು ಇಷ್ಟವಿಲ್ಲ. ಮುಖವಿದ್ದ ಗುರುತನ್ನು ತೆಗೆದು ಆಫೀಸಿನ ಮುದ್ರೆ ಒತ್ತಿದ ಹಾಗಿದೆ. 1982ರಲ್ಲಿ ಕೋಕಾ-ಕೋಲಾ ಕಂಪನಿ ಕೊಲಂಬಿಯಾವನ್ನು ಕೊಂಡಿತು. ತಂಪು ಪಾನೀಯ ಮಾರುವವರ ಕೈಗೆ ಧಾರಾವಾಹಿಯ ವಿತರಣೆ ಹೋಯಿತು! 1989ರಲ್ಲಿ ಜಪಾನಿನ ಸೋನಿ 340 ಕೋಟಿ ಡಾಲರ್ ಕೊಟ್ಟು ಅವರಿಂದ ಕೊಂಡಿತು. ಹಾಗಿದ್ದೂ ಸೋನಿ ಹೆಸರು ತಕ್ಷಣ ಟಿವಿ ವಿಭಾಗಕ್ಕೆ ಬರಲಿಲ್ಲ. ಸೋನಿ ಪಿಕ್ಚರ್ಸ್ ಟೆಲಿವಿಷನ್ ಅಂತ ಆದದ್ದು 2002ರಲ್ಲಿ. ನೀವು ನೋಡಿದ್ದು ಅದನ್ನೇ.

ನಮ್ಮೂರಲ್ಲಿ ಜಮೀನು ಯಾರದು ಅಂತ ಗೊತ್ತಾಗಬೇಕಾದರೆ ಪಹಣಿ ನೋಡುತ್ತೇವೆ. ಧಾರಾವಾಹಿಗೆ ಈ ಲಾಂಛನಗಳೇ ಪಹಣಿ. ಯಾರ ಹೆಸರು ಮೊದಲು, ಯಾರದು ನಂತರ, ‘ಇವರ ಸಹಯೋಗದಲ್ಲಿ’ ಅನ್ನುವ ಸಾಲು ಎಲ್ಲಿ ಬರುತ್ತದೆ, ಇದ್ಯಾವುದೂ ಸುಮ್ನೆ ಹಾಕಿದ್ದಲ್ಲ. ಅದರ ಹಿಂದೆ ಕರಾರು ಇರುತ್ತದೆ, ದುಡ್ಡು ಇರುತ್ತದೆ. ಕೆಲವೊಮ್ಮೆ ಜಗಳವೂ ಇರುತ್ತದೆ. 2019ರ ಫೆಬ್ರವರಿಯಲ್ಲಿ ಕಾರ್ಡೆ ಕಂಪನಿ ಸೋನಿ ಮೇಲೆಯೇ ಲಾಸ್ ಏಂಜಲೀಸ್ ಕೋರ್ಟಿಗೆ ಹೋಯಿತು. ಸೋನಿ ತನ್ನ ಪಾಲೂ ಇರುವ ‘ದಿ ಯಂಗ್ ಅಂಡ್ ದಿ ರೆಸ್ಟ್‌ಲೆಸ್’ ಧಾರಾವಾಹಿಯ ಮೇಲೆ ಮುತುವರ್ಜಿ ವಹಿಸಿ, ನಮ್ಮದನ್ನು ಮಾರುವುದರಲ್ಲಿ ಅಸಡ್ಡೆ ಮಾಡುತ್ತಿದೆ ಅನ್ನುವುದು ಕಾರ್ಡೆಯವರ ದೂರು. ಕೊನೆಯಲ್ಲಿ ಜೊತೆ ಜೊತೆಯಾಗಿ ಬರುವ ಎರಡು ಹೆಸರುಗಳು ಕೋರ್ಟಿನಲ್ಲಿ ಎದುರಾಳಿಗಳಾಗಿದ್ದವು.

ಲಾಂಛನದ ಮಾತು ಬಂದಾಗ ಕಾರ್ಡೆಯವರ ನಿಜವಾದ ಗುರುತನ್ನು ಮರೆಯಬಾರದು. ಅದು ಕೊನೆಯಲ್ಲಿಲ್ಲ, ಶುರುವಿನಲ್ಲಿದೆ. ಮರಳು ಗಡಿಯಾರ, ಮತ್ತು ಆ ಮರಳಿನ ಹಾಗೆಯೇ ನಮ್ಮ ದಿನಗಳೂ ಜಾರುತ್ತವೆ ಎಂಬ ಅರ್ಥದ ಒಂದು ವಾಕ್ಯ. ಅದನ್ನು ಹೇಳುವ ದನಿ ಮ್ಯಾಕ್‌ಡೊನಾಲ್ಡ್ ಕ್ಯಾರಿ ಎಂಬ ನಟನದು. ಅವರು 1994ರಲ್ಲಿ ತೀರಿಕೊಂಡ ಮೇಲೂ ದನಿಯನ್ನು ಬದಲಿಸಲಿಲ್ಲ. ಕಂಪನಿಗಳು ಬೋರ್ಡು ಬದಲಿಸುತ್ತಲೇ ಇದ್ದಾಗ ಒಂದು ಮನೆತನ ತನ್ನ ಗುರುತನ್ನು ಇಷ್ಟು ಕಾಲ ಕಾಪಾಡಿಕೊಂಡಿತಲ್ಲ, ಅದಕ್ಕೆ ನನಗೆ ತುಂಬ ಗೌರವವಿದೆ.

ಇನ್ನು ತೆಗೆದುಹಾಕಿದರೆ ಯಾರಿಗೆ ನಷ್ಟ ಅಂದಿರಿ. ಈ ಕೆಲಸ ಯಾವತ್ತೋ ಶುರುವಾಗಿದೆ. 1994ರಲ್ಲಿ ಎನ್‌ಬಿಸಿ ಕೊನೆಯ ಹೆಸರುಗಳನ್ನು ಪರದೆಯ ಒಂದು ಬದಿಗೆ ಒತ್ತರಿಸಿ, ಉಳಿದ ಜಾಗದಲ್ಲಿ ಮುಂದಿನ ಕಾರ್ಯಕ್ರಮದ ಪ್ರಚಾರ ಹಾಕತೊಡಗಿತು. ಜನ ಚಾನೆಲ್ ಬದಲಿಸಬಾರದು ಅನ್ನುವುದೇ ಉದ್ದೇಶ. ಬೇರೆ ವಾಹಿನಿಗಳೂ ಅದನ್ನೇ ಮಾಡಿದವು. ಇನ್ನೊಂದು ರೂಢಿ ಇದಕ್ಕಿಂತ ಕೆಟ್ಟದ್ದು. ಹಳೇ ಕಾರ್ಯಕ್ರಮ ಮರುಪ್ರಸಾರ ಮಾಡುವಾಗ ಹಳೇ ಲಾಂಛನ ಕಿತ್ತು ಈಗಿನ ಮಾಲೀಕರದ್ದನ್ನು ಅಂಟಿಸುತ್ತಾರೆ. ಸ್ಕ್ರೀನ್ ಜೆಮ್ಸ್ 1960ರ ದಶಕದಲ್ಲಿ ತೆಗೆದ ‘ಬಿವಿಚ್ಡ್’ ನೋಡಿದರೆ ಕೊನೆಗೆ ಸೋನಿ ಅಂತ ಬರುವುದುಂಟು. ಹುಡುಗರು ಅದನ್ನು ಸೋನಿಯೇ ತೆಗೆದದ್ದು ಅಂದುಕೊಂಡರೆ ತಪ್ಪು ಅವರದಲ್ಲ.

ನಷ್ಟ ಯಾರಿಗೆ ಅಂದರೆ, ಮೊದಲು ಕೆಲಸ ಮಾಡಿದವರಿಗೆ. ಲಾಂಛನದ ಹಿಂದುಮುಂದೆ ಸಂಕಲನಕಾರರು, ಮೇಕಪ್‌ನವರು, ಲೈಟಿನವರ ಹೆಸರೂ ಇರುತ್ತವೆ. ಅವು ಒಟ್ಟಿಗೇ ಹೋಗುತ್ತವೆ. ನಮ್ಮ ಕನ್ನಡ ಧಾರಾವಾಹಿಗಳಲ್ಲೂ ಈಗ ಆ ಹೆಸರುಗಳು ಓದಲು ಸಿಗುವುದು ಕಡಿಮೆ. ನಾಳೆ ಇವರ ಬಗ್ಗೆ ಯಾರಾದರೂ ಬರೆಯಬೇಕೆಂದರೆ ಹುಡುಕುವುದು ಎಲ್ಲಿ?

‘ಡೇಸ್ ಆಫ್ ಅವರ್ ಲೈವ್ಸ್’ 2022ರ ಸೆಪ್ಟೆಂಬರ್‌ನಿಂದ ಟಿವಿ ಬಿಟ್ಟು ಪೀಕಾಕ್ ಎಂಬ ಆ್ಯಪಿಗೆ ಹೋಗಿದೆ. ಇಂಥ ಆ್ಯಪ್‌ಗಳಲ್ಲಿ ಒಂದು ಕಂತು ಮುಗಿಯುವ ಮೊದಲೇ ಮುಂದಿನದಕ್ಕೆ ಎಳೆದುಕೊಂಡು ಹೋಗುತ್ತಾರೆ. ಸೊಸೆಗೆ ಹೇಳಿ, ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ಆಫ್ ಮಾಡೋಕಾಗುತ್ತಾ ನೋಡಲಿ. ಮತ್ತೆ, ನಿಮ್ಮ ಮನೆಯಲ್ಲಿ ಹಳೇ ದೂರದರ್ಶನದ ಧಾರಾವಾಹಿ ರೆಕಾರ್ಡ್ ಮಾಡಿಟ್ಟ ವಿಡಿಯೊ ಕ್ಯಾಸೆಟ್ ಇದ್ದರೆ ದಯವಿಟ್ಟು ಎಸೆಯಬೇಡಿ. ಬೂಷ್ಟು ಹಿಡಿದಿದ್ದರೆ ಪ್ಲೇಯರಿಗೆ ಹಾಕಲೂ ಬೇಡಿ. ಪತ್ರಿಕೆಗೆ ಒಂದು ಕಾರ್ಡ್ ಬರೆಯಿರಿ, ಡಿಜಿಟಲ್ ಮಾಡುವವರನ್ನು ನಾವೇ ಹುಡುಕಿಕೊಡುತ್ತೇವೆ.

— ಸಂಪಾದಕ