"ನೆರವೇರಲಿ" ಅಂತೀವಿ, "ಗೊತ್ತಾಗಲಿ" ಅಂತಲ್ಲ

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಪ್ರಶ್ನೆ: ಅಕ್ಕಾ, ಕರ್ತನ ನಾಮದಲ್ಲಿ ವಂದನೆ. ನನಗ 26 ವರ್ಷ, ಡಿಪ್ಲೊಮಾ ಮುಗಿಸೀನಿ. ಬೆಂಗಳೂರಿನ ಒಂದು ಕಂಪನಿಯವ್ರು ತಿಂಗಳಿಗೆ 18,000 ಕೊಡ್ತೀವಿ ಬಾ ಅಂದಾರ, ಇಲ್ಲಿ ನೋಡಿದ್ರ ಕಾಲುವೆ ಕೊನೀಗೆ 3 ಎಕರೆ ಗದ್ದಿ ಐತಿ, ಅಪ್ಪಗ ಸೊಂಟನೋವು. ಡಿಸೆಂಬರ್ 31ರ ರಾತ್ರಿ ಆರಾಧನೆಯೊಳಗ ವಾಗ್ದಾನದ ಚೀಟಿ (ಹೊಸ ವರ್ಷಕ್ಕ ಅಂತ ಒಬ್ಬೊಬ್ಬರು ಎತ್ತೋ ಬೈಬಲ್ ವಚನದ ಚೀಟಿ) ತೆಗೆದ್ರ, ಅಬ್ರಹಾಮಗ ದೇವರು ಊರು ಬಿಟ್ಟು ಹೊರಡು ಅಂದ ವಚನ ಬಂತು. ಆದ್ರೂ ಸಮಾಧಾನ ಇಲ್ಲ, 3 ಶುಕ್ರವಾರ ಉಪವಾಸ ಮಾಡೀನಿ, ಉತ್ತರ ಸಿಕ್ಕಿಲ್ಲ. ರೂಮಿನ ಅಡ್ವಾನ್ಸಿಗೆ ಬೇಕು ಅಂತ ಭತ್ತ ಮಾರಿದ ರೊಕ್ಕ ಹಂಗೇ ಹಿಡ್ಕೊಂಡೀನಿ, ನಾಟಿ ಹಚ್ಚಿದ ಹೆಣ್ಣಾಳುಗಳ ಕೂಲಿನೂ ಇನ್ನೂ ಕೊಟ್ಟಿಲ್ಲ. ದೇವರ ಚಿತ್ತ ಹೆಂಗ ತಿಳ್ಕೊಳ್ಳಲಿ?
(ಹೆಸರು ಬ್ಯಾಡ, ಸಿಂಧನೂರು ತಾಲೂಕು)

ಉತ್ತರ: ತಮ್ಮಾ, ನಿನ್ನ ಪತ್ರ ಮೂರು ಸಲ ಓದೀನಿ, ಮೂರು ಸಲನೂ ನನ್ನ ಕಣ್ಣು ಬೆಂಗಳೂರಿನ ಮ್ಯಾಲೆ ನಿಲ್ಲಲಿಲ್ಲ, ಆ ಕೂಲಿ ಮಾತಿನ ಮ್ಯಾಲೇ ನಿಂತ್ವು. ನೀನು ಅದನ್ನ ಹಂಗೇ ನಡುವ ಬರ್ದು ಮುಂದ ಹೋಗೀದಿ, ಆದ್ರ ನೀನು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲೇ ಕುಂತೈತಿ.

ನಮ್ಮವ್ವ ನಾಟಿ ಹಚ್ಚಾಕ ಹೋಗಾಕಿ. ಮುಂಜಾನಿಂದ ಸಂಜಿ ತನಕ ಕೆಸರಾಗ ಬಗ್ಗಿ ಬಗ್ಗಿ ಬೆರಳ ಸಂದಿ ಬೆಳ್ಳಗಾಗಿ ಸುಲೀತಿತ್ತು, ರಾತ್ರಿ ದೀಪದ ಮುಂದ ಕುಂತು ಕೊಬ್ಬರಿ ಎಣ್ಣಿ ಹಚ್ಕೊಂತಿದ್ಲು. ಶನಿವಾರ ಕೂಲಿ ಬಂದ್ರ ರವಿವಾರ ಸೆರಗಿನ ಗಂಟು ಬಿಚ್ಚಿ ಕಾಣಿಕೆ ಹಾಕ್ತಿದ್ಲು, ಗೌಡ್ರು "ಮುಂದಿನ ವಾರ ನೋಡೂಣು" ಅಂದಿದ್ದ ವಾರ ಖಾಲಿ ಕೈಲೆ ಬಂದೀನಿ ಅಂತ ನಾಚಿ ಹಿಂದಿನ ಸಾಲಿಗೆ ಗ್ವಾಡಿಗೆ ಒರಗಿ ಕುಂದರ್ತಿದ್ಲು. ನಾ ಅದನ್ನ ಇವತ್ತಿಗೂ ಮರ್ತಿಲ್ಲ. ಬೈಬಲಿನಾಗ ಧರ್ಮೋಪದೇಶಕಾಂಡ 24ನೇ ಅಧ್ಯಾಯ ತೆಗೆದು ನೋಡು, ಬಡವನ ಕೂಲಿ ಅವತ್ತೇ ಹೊತ್ತು ಮುಳುಗೋದ್ರೊಳಗ ಕೊಡು ಅಂತ ಐತಿ. ಯಾಕೋಬನ ಪತ್ರಿಕೆ 5ನೇ ಅಧ್ಯಾಯದಾಗ ಹಿಡ್ಕೊಂಡ ಕೂಲಿನೇ ಕೂಗ್ತೈತಿ, ಪೈರು ಕೊಯ್ದವರ ಕೂಗು ದೇವರ ಕಿವಿಗೆ ಮುಟ್ಟೈತಿ ಅಂತ ಬರ್ದೈತಿ. ಇದಕ್ಕ ಚೀಟಿ ತೆಗಿಬೇಕಾ, ಉಪವಾಸ ಇರಬೇಕಾ?

ಯೇಸು ಕಲಿಸಿದ ಕರ್ತನ ಪ್ರಾರ್ಥನೆಯೊಳಗ ನಾವು ದಿನಾ ಏನಂತೀವಿ, "ನಿನ್ನ ಚಿತ್ತವು ಪರಲೋಕದಲ್ಲಿ ನೆರವೇರುವ ಪ್ರಕಾರ ಭೂಲೋಕದಲ್ಲಿಯೂ ನೆರವೇರಲಿ" ಅಂತೀವಿ. ನೆರವೇರಲಿ ಅಂತ, ನನಗ ಮೊದ್ಲ ಗೊತ್ತಾಗಲಿ ಅಂತ ಅಲ್ಲ. ಯೇಸುನೂ ಗೆತ್ಸೇಮನೆ ತೋಟದಾಗ ಬೆವರು ರಕ್ತದ ಹನಿ ಬಿದ್ದಂಗ ಬೀಳಾಕತ್ತಿದ್ರೂ ಇದೇ ಮಾತು ಅಂದ, ಅವನಿಗೆ ತಿಳೀಬೇಕಾದ್ದು ತಿಳಿದಿತ್ತು, ಮಾಡೋದು ಕಠಿಣ ಇತ್ತು. ನಮ್ದೂ ಬಾಳ ಸಲ ಹಂಗೇ, ತಿಳಿದಿದ್ದನ್ನ ಮಾಡಾಕ ಆಗ್ದ ತಿಳೀದಿದ್ದನ್ನ ಹುಡುಕ್ತಾ ಕುಂದರ್ತೀವಿ.

ಚೀಟಿ ತೆಗಿಬ್ಯಾಡ ಅಂತ ನಾ ಅನ್ನಲ್ಲ, ನನ್ನ ಬೈಬಲಿನಾಗೂ ಹಳೇ ಚೀಟಿ ಅದಾವ, ಕಷ್ಟದ ದಿನ ಅವನ್ನ ಓದಿ ಅತ್ತೀನಿ. ಆದ್ರ ಅದು ಧೈರ್ಯಕ್ಕ ಕೊಡೋ ವಚನ, ಬಸ್ಸಿನ ಟಿಕೆಟ್ ಅಲ್ಲ.

ಇನ್ನ ಬೆಂಗಳೂರು. ಹೋಗೋದೂ ಪಾಪ ಅಲ್ಲ, ಇರೋದೂ ಪಾಪ ಅಲ್ಲ. ಅಪೊಸ್ತಲರ ಕೃತ್ಯಗಳು 16ರಾಗ ಸುವಾರ್ತೆ ಸಾರಾಕ ಹೊರಟ ಪೌಲನಿಗೆ ಆಸ್ಯ ಸೀಮೆಗೆ ದಾರಿ ಸಿಗಲಿಲ್ಲ, ಬಿಥೂನ್ಯಕ್ಕೂ ಸಿಗಲಿಲ್ಲ, ಆದ್ರೂ ಅವನು ನಡಕೊಂತ ತ್ರೋವಕ್ಕ ಬಂದ ಮ್ಯಾಲೇ ಮಕೆದೋನ್ಯದ ದರ್ಶನ ಆಗಿದ್ದು. ನಮ್ಮ ಬಳ್ಳಾರಿಗೆ 1810ರಾಗ ಜಾನ್ ಹ್ಯಾಂಡ್ಸ್ ಅನ್ನೋ ಮಿಷನರಿ ಬಂದ್ರು, ಪೂರ್ತಿ ಕನ್ನಡ ಬೈಬಲ್ ಅಚ್ಚಾಗಿ ಬಂದಿದ್ದು 1831ಕ್ಕ, ನಡುವ 20 ವರ್ಷ ದಿನಾ ಕುಂತು ನಮ್ಮ ಮಾತು ಕಲಿಯೋದು, ಬರೆಯೋದು, ತಿದ್ದೋದು. ದೇವರ ಚಿತ್ತದ ಕೆಲಸ ಬಾಳಷ್ಟು ಹಿಂಗೇ ಇರ್ತೈತಿ ತಮ್ಮಾ, ದಿನದ ಕೆಲಸದಂಗ.

ಅದಕ್ಕ ಮೊದ್ಲ ಆ ಹೆಣ್ಣಾಳುಗಳ ಮನಿಗೆ ನೀನೇ ಹೋಗಿ ಎಣಿಸಿ ಕೊಡು, ತಡ ಆತು ಅಂತ ಕೈಮುಗಿ. ಆಮೇಲೆ ಅಪ್ಪನ ಜೋಡಿ ಕುಂತು ಕೇಳು, ಗದ್ದಿ ಪಾಲಿಗೆ ಕೊಡಾಕ ಆಗ್ತೈತಾ, ಸೊಂಟ ತೋರ್ಸಾಕ ಯಾರು ಕರ್ಕೊಂಡು ಹೋಗ್ತಾರ ಅಂತ. 18,000ದಾಗ ರೂಮು, ಊಟ ತೆಗೆದ್ರ ಮನಿಗೆ ಎಷ್ಟು ಉಳೀತೈತಿ ಲೆಕ್ಕ ಹಾಕು. ಸಭೆಯೊಳಗ ನಿನ್ನ ಬಲ್ಲ ಇಬ್ಬರು ಹಿರಿಯರನ್ನ ಕೇಳು. ಅಡ್ವಾನ್ಸಿಗೆ ರೊಕ್ಕ ಸಾಲದಿದ್ರ ಇನ್ನೊಂದು ತಿಂಗಳು ತಡಿ. ಸಮಾಧಾನ ಇಲ್ಲ ಅಂದ್ಯಲ್ಲ, ಕೂಲಿ ಕೊಟ್ಟ ರಾತ್ರಿ ಒಂದ್ಸಲ ಪ್ರಾರ್ಥನೆಗೆ ಕುಂತು ನೋಡು.

ಪ್ರಶ್ನೆ: ನಮ್ಮ ಯಜಮಾನ್ರಿಗೆ ಶುಗರ್ ಐತಿ, ಕಾಲಿಗೆ ಗಾಯ ಆಗಿ ಎರಡು ವಾರ ಆತು. ಪ್ರಾರ್ಥನೆಗೆ ಬಂದ ಒಬ್ಬರು, ಗುಳಿಗಿ ನುಂಗಿದ್ರ ವಿಶ್ವಾಸ ಇಲ್ಲ ಅಂದಂಗ, ವಾಸಿ ಮಾಡೋದು ದೇವರ ಚಿತ್ತ ಅಂದ್ರು. ಗುಳಿಗಿ ನಿಲ್ಸ್ಯಾರ. ಏನ್ ಮಾಡ್ಲಿ?
(ಒಬ್ಬ ಸಹೋದರಿ, ಬಳ್ಳಾರಿ)

ಉತ್ತರ: ತಂಗೀ, ಪತ್ರಿಕೆ ಮುಚ್ಚಿಟ್ಟು ಇವತ್ತೇ ದವಾಖಾನಿಗೆ ಕರ್ಕೊಂಡು ಹೋಗು. ಶುಗರ್ ಇದ್ದವರಿಗೆ ಕಾಲಿನ ನರ ಜಡ್ಡಾಗಿ ನೋವು ಗೊತ್ತಾಗಲ್ಲ, ಒಳಗ ಕೀವು ತುಂಬಿ ಬೆರಳು, ಪಾದ ತೆಗಿಯೋ ತನಕ ಹೋಗ್ತೈತಿ. ಹಿಜ್ಕೀಯ ರಾಜ ಸಾಯೋ ಹಂಗಾದಾಗ ವಾಸಿ ಮಾಡ್ತೀನಿ, 15 ವರ್ಷ ಆಯುಷ್ಯ ಕೊಡ್ತೀನಿ ಅಂತ ದೇವರೇ ಹೇಳಿದ್ರು, ಆದ್ರೂ ಪ್ರವಾದಿ ಯೆಶಾಯ ಅಂಜೂರದ ಉಂಡಿ ತಂದು ಹುಣ್ಣಿನ ಮ್ಯಾಲೆ ಹಚ್ಚಿಸಿದ, ಬೈಬಲಿನ ಎರಡನೇ ಅರಸುಗಳು ಪುಸ್ತಕದ 20ನೇ ಅಧ್ಯಾಯದಾಗ ಐತಿ. ಸುವಾರ್ತೆ ಬರೆದ ಲೂಕನ್ನ ಪೌಲ ಪ್ರಿಯ ವೈದ್ಯ ಅಂತ ಕರೀತಾನ, ವೈದ್ಯಕಿ ಬಿಡು ಅಂತ ಎಲ್ಲೂ ಹೇಳಿಲ್ಲ. ಆ ಮಾತು ಅಂದವ್ರ ಮ್ಯಾಲೆ ಸಿಟ್ಟು ಬ್ಯಾಡ, ಅವ್ರ ಮಾತು ಮಾತ್ರ ಕೇಳಬ್ಯಾಡ. ಯಜಮಾನ್ರಿಗೆ ಹೇಳು, ಗುಳಿಗಿ ಕೈಯಾಗ ಹಿಡ್ಕೊಂಡೇ ಪ್ರಾರ್ಥನೆ ಮಾಡೂಣು, ಆಮೆನ್ ಅಂದು ನುಂಗ್ರಿ ಅಂತ. ಗಾಯ ಹೆಂಗೈತಿ ಅಂತ ನನಗ ಬರಿ.