ಶೇಂಗಾಗೆ ಬಂದ ಸೆಳವು

ಪ್ರಶ್ನೆ: ಡಾಕ್ಟರ್ ಮೇಡಂ, ನಮ್ಮ ಮನೆಯಲ್ಲಿ ಮೂರು ವರ್ಷದ ಗಂಡು ಬೆಕ್ಕಿದೆ. ಬಣ್ಣ ನೋಡಿ ಮಕ್ಕಳು ಶೇಂಗಾ ಅಂತ ಹೆಸರಿಟ್ಟಿದ್ದಾರೆ. ಕಳೆದ ತಿಂಗಳು ಒಂದು ರಾತ್ರಿ ನಾನು ಪಾತ್ರೆ ತೊಳೆಯುತ್ತಿದ್ದೆ. ಪಡಸಾಲೆಯಲ್ಲಿ ದಡದಡ ಸದ್ದಾಯಿತು. ಹೋಗಿ ನೋಡಿದರೆ ಶೇಂಗಾ ಅಡ್ಡ ಬಿದ್ದು ಕಾಲು ಬಡಿಯುತ್ತಿತ್ತು. ಬಾಯಲ್ಲಿ ನೊರೆ. ಕಣ್ಣು ತೆರೆದೇ ಇತ್ತು, ಕರೆದರೆ ಗೊತ್ತಾಗುತ್ತಿರಲಿಲ್ಲ. ಅಲ್ಲೇ ಉಚ್ಚೆಯೂ ಹೋಯಿತು. ಅತ್ತೆಯವರು "ಉಳ್ಳಾಗಡ್ಡಿ ಒಡದು ಮೂಗಿಗೆ ಹಿಡಿ, ಕಬ್ಬಣ ಮುಟ್ಟಸು" ಅಂದರು. ಎರಡೂ ಮಾಡಿದೆವು. ಸ್ವಲ್ಪ ಹೊತ್ತಿಗೆ ನಿಂತಿತು. ಮರುದಿನ ದವಾಖಾನೆಗೆ ಒಯ್ದೆವು, ಸಲೈನ್ ಹಚ್ಚಿ ಇಂಜೆಕ್ಷನ್ ಕೊಟ್ಟರು. ಎರಡು ದಿನ ಕಿವಿ ಮತ್ತು ಬೆನ್ನಿನ ಚರ್ಮ ಅದುರುತ್ತಲೇ ಇತ್ತು. ಈಗ ಆರಾಮಾಗಿದೆ. ಇದು ಮೂರ್ಛೆ ರೋಗವಾ? ಮತ್ತೆ ಬರುತ್ತದಾ? ಮಕ್ಕಳಿಗೆ ಅಂಟುತ್ತದೆ, ಎಲ್ಲಾದರೂ ಬಿಟ್ಟು ಬಾ ಅಂತ ಅತ್ತೆ ಹೇಳುತ್ತಿದ್ದಾರೆ. ಅಂದ ಹಾಗೆ, ಹಿಂದಿನ ದಿನ ಚಿಗಟ ಜಾಸ್ತಿ ಆಗಿದೆ ಅಂತ ಪಕ್ಕದ ಮನೆಯವರು ನಾಯಿಗೆ ತಂದಿದ್ದ ಔಷಧಿಯನ್ನೇ ಇದರ ಕುತ್ತಿಗೆಗೆ ನಾಲ್ಕು ಹನಿ ಹಾಕಿದ್ದೆವು.
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ತಂಗಿ, ನಿಮ್ಮ ಪತ್ರದ ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ. "ಅಂದ ಹಾಗೆ" ಅಂತ ಬರೆದಿದ್ದೀರಲ್ಲ, ಉತ್ತರ ಅಲ್ಲೇ ಇದೆ ಅಂತ ನನಗೆ ಅನಿಸುತ್ತದೆ.

ನಾಯಿಯ ಚಿಗಟ, ಉಣ್ಣೆಗೆ ಬರುವ ಹಲವು ಔಷಧಿಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ಕುತ್ತಿಗೆಗೆ ಹಾಕುವ ಹನಿಗಳಲ್ಲಿ ಶೇಕಡಾ 45ರಿಂದ 65ರಷ್ಟೂ ಇರಬಹುದು. ಹೇಳಿದ ಅಳತೆಯಲ್ಲಿ ಹಾಕಿದರೆ ನಾಯಿಗೆ ಅದು ಸಾಮಾನ್ಯವಾಗಿ ತೊಂದರೆ ಮಾಡುವುದಿಲ್ಲ. ಬೆಕ್ಕಿಗೆ ವಿಷ. ಅದನ್ನು ಬೇಗ ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ಹಾಕಿದ ಕೆಲವು ಗಂಟೆಗಳಲ್ಲೋ, ಒಂದೆರಡು ದಿನದಲ್ಲೋ ಮೊದಲು ಕಿವಿ ಅದುರುತ್ತದೆ, ಮುಖ ಅದುರುತ್ತದೆ, ಆಮೇಲೆ ಮೈಯೆಲ್ಲ ನಡುಗಿ ಫಿಟ್ಸ್ ಬರುತ್ತದೆ. ಎರಡು ದಿನ ಕಿವಿ, ಬೆನ್ನು ಅದುರಿತು ಅಂದಿರಲ್ಲ, ಅದು ಇದಕ್ಕೆ ಸರಿಯಾಗಿ ಹೊಂದುತ್ತದೆ. ಇಲ್ಲಿ ವಿಜಯಪುರದಲ್ಲಿ ನನ್ನ ಹತ್ತಿರ ಫಿಟ್ಸ್ ಅಂತ ಬೆಕ್ಕು ಬಂದರೆ ಮೊದಲು ನಾನು ಕೇಳುವ ಪ್ರಶ್ನೆ "ಮೈಗೆ ಏನಾದರೂ ಹಚ್ಚಿದಿರಾ?" ಅಂತಲೇ. ಆ ಔಷಧಿಯ ಡಬ್ಬಿ ಇನ್ನೂ ಇದ್ದರೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಓದಿ. ಪರ್ಮೆಥ್ರಿನ್ ಅಂತ ಇದ್ದರೆ ಅದರ ಫೋಟೋ ತೆಗೆದು ನಿಮ್ಮ ಡಾಕ್ಟರಿಗೆ ತೋರಿಸಿ.

ಅದೇ ಕಾರಣವಾಗಿದ್ದರೆ ಶೇಂಗಾಗೆ ಮೂರ್ಛೆ ರೋಗ ಇಲ್ಲ. ವಿಷ ಮೈಯಿಂದ ಇಳಿದ ಮೇಲೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ತಿಂಗಳಾಯಿತು, ಆರಾಮಾಗಿದೆ ಅಂದರೆ ಒಳ್ಳೆಯ ಲಕ್ಷಣ. ಅದನ್ನು ಎಲ್ಲೂ ಬಿಟ್ಟು ಬರಬೇಡಿ. ಫಿಟ್ಸ್ ಅಂಟುವ ಕಾಯಿಲೆಯೇ ಅಲ್ಲ. ಮಕ್ಕಳು ಮೊದಲಿನ ಹಾಗೇ ಅದರ ಜೊತೆ ಆಡಲಿ. ಒಂದು ವಿಷಯ ಮಾತ್ರ ನೋಡಿಕೊಳ್ಳಿ: ರೇಬೀಸ್ ಲಸಿಕೆ ಆಗಿಲ್ಲದಿದ್ದರೆ ಹಾಕಿಸಿಬಿಡಿ. ಲಸಿಕೆ ಇಲ್ಲದ ಬೆಕ್ಕಿಗೆ ಬೀದಿನಾಯಿ ಕಚ್ಚಿ, ಆಮೇಲೆ ಅದರ ನಡವಳಿಕೆ ಬದಲಾಗಿ ಸೆಳವು ಬಂದರೆ, ಆಗ ಬರಿಗೈಯಲ್ಲಿ ಮುಟ್ಟಲೇಬಾರದು.

ನೀವು ಕೇಳದೇ ಇದ್ದರೂ ಆ ರಾತ್ರಿಯ ಬಗ್ಗೆ ಹೇಳಬೇಕು. ನಾನು ಪಿಯುಸಿ ಓದುವಾಗ ನಮ್ಮ ಮನೆಯ ಬೆಕ್ಕಿಗೂ ಹೀಗೇ ಆಗಿತ್ತು. ನಾಲಿಗೆ ನುಂಗಿಬಿಡುತ್ತದೆ ಅಂತ ಯಾರೋ ಅಂದರು. ನಾನು ಬೆರಳು ಹಾಕಿದೆ. ಅದಕ್ಕೆ ಕಚ್ಚಿದ್ದು ಗೊತ್ತೇ ಇಲ್ಲ. ನನ್ನ ಬಲಗೈ ತೋರುಬೆರಳಿನಲ್ಲಿ ಕೋರೆಹಲ್ಲಿನ ಎರಡು ತೂತು. ಮರುದಿನ ಬೆಳಿಗ್ಗೆ ಕೈ ಮಣಿಕಟ್ಟಿನವರೆಗೆ ಬಾತು ಮುಷ್ಟಿ ಹಿಡಿಯಲು ಆಗಲಿಲ್ಲ. ಆ ಗುರುತು ಇವತ್ತಿಗೂ ಇದೆ. ಬೆಕ್ಕು ನಾಲಿಗೆ ನುಂಗುವುದಿಲ್ಲ, ತಂಗಿ. ಯಾವ ಪ್ರಾಣಿಯೂ ನುಂಗುವುದಿಲ್ಲ. ಬಾಯಿಗೆ ಬೆರಳು, ಚಮಚ, ನೀರು ಏನೂ ಹಾಕಬೇಡಿ. ನೀರು ಹಾಕಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಹಾಗೇನಾದರೂ ಕಚ್ಚಿಬಿಟ್ಟರೆ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಅತ್ತೆಯವರ ಮೇಲೆ ಬೇಸರ ಬೇಡ. ಅವರು ಮನುಷ್ಯರಿಗೆ ಮಾಡುವುದನ್ನು ನೋಡಿದ್ದಾರೆ, ಬೆಕ್ಕಿಗೂ ಅದನ್ನೇ ಹೇಳಿದ್ದಾರೆ. ಆದರೆ ಫಿಟ್ಸ್ ನಿಂತದ್ದು ಉಳ್ಳಾಗಡ್ಡಿಯಿಂದಲೂ ಅಲ್ಲ, ಕಬ್ಬಿಣದಿಂದಲೂ ಅಲ್ಲ. ಹೆಚ್ಚಿನ ಸೆಳವು ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ನಾವು ಏನು ಮಾಡುತ್ತಿದ್ದೆವೋ ಅದರಿಂದಲೇ ನಿಂತಿತು ಅನಿಸುತ್ತದೆ, ಅಷ್ಟೇ. ಉಳ್ಳಾಗಡ್ಡಿಯನ್ನಂತೂ ಬೆಕ್ಕಿನ ಬಾಯಿಗೆ ತಾಗಿಸಲೇಬಾರದು. ಅದು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಇನ್ನೊಮ್ಮೆ ಹಾಗಾದರೆ ಮೊದಲು ಗಡಿಯಾರ ನೋಡಿ. ಎದೆ ಡವಡವ ಅನ್ನುವಾಗ ಅರ್ಧ ನಿಮಿಷವೂ ಹತ್ತು ನಿಮಿಷ ಅನಿಸುತ್ತದೆ. ಟಿವಿ ಆರಿಸಿ, ದೊಡ್ಡ ದೀಪ ಆರಿಸಿ, ಮಕ್ಕಳನ್ನು ಒಳಗೆ ಕಳಿಸಿ. ಬೆಕ್ಕು ಕಟ್ಟೆಯ ಮೇಲೋ ಮೆಟ್ಟಿಲ ಹತ್ತಿರವೋ ಇದ್ದರೆ ದಪ್ಪ ಟವೆಲ್ ಹಿಡಿದು ಮೆಲ್ಲಗೆ ಸಮ ನೆಲಕ್ಕೆ ಸರಿಸಿ. ಇಲ್ಲದಿದ್ದರೆ ಮುಟ್ಟಬೇಡಿ, ಅದುಮಿ ಹಿಡಿಯಬೇಡಿ. ಸುತ್ತಲಿನ ಕುರ್ಚಿ, ಪಾತ್ರೆ ಸರಿಸಿದರೆ ಸಾಕು. ಒಬ್ಬರು ಮೊಬೈಲಿನಲ್ಲಿ ವಿಡಿಯೋ ಮಾಡಲಿ. ನೀವು ದವಾಖಾನೆಗೆ ಬರುವ ಹೊತ್ತಿಗೆ ಬೆಕ್ಕು ಸುಮ್ನೆ ಕೂತಿರುತ್ತದೆ, ನಮಗೆ ಆ ವಿಡಿಯೋ ಬಿಟ್ಟರೆ ಬೇರೆ ದಾರಿಯಿಲ್ಲ.

ನಿಂತ ಮೇಲೆ ಅದು ಗೋಡೆಗೆ ಡಿಕ್ಕಿ ಹೊಡೆಯಬಹುದು, ಸುಮ್ಮನೆ ಸುತ್ತಬಹುದು, ನಿಮ್ಮನ್ನೇ ಕಂಡು ಬುಸ್ ಅನ್ನಬಹುದು. ಕಣ್ಣು ಸ್ವಲ್ಪ ಹೊತ್ತು ಕಾಣಿಸದೆಯೂ ಇರಬಹುದು. ಹೆದರಬೇಡಿ, ಸರಿಹೋಗುತ್ತದೆ. ನೆಟ್ಟಗೆ ನಡೆಯುವವರೆಗೆ ಹಾಲು, ಅನ್ನ ಇಡಬೇಡಿ. ಔಷಧಿ ಹಚ್ಚಿ ಆದದ್ದಾದರೆ, ಸೆಳವು ಪೂರ್ತಿ ನಿಂತ ಮೇಲೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಆ ಜಾಗ ತೊಳೆದು, ಒರೆಸಿ, ಬೆಚ್ಚಗಿಡಿ. ಬಿಸಿ ನೀರು ಬೇಡ, ಔಷಧಿ ಇನ್ನೂ ಬೇಗ ಒಳಗಿಳಿಯುತ್ತದೆ. ತಣ್ಣೀರೂ ಬೇಡ, ಮೈ ತಣ್ಣಗಾದರೆ ನಡುಕ ಹೆಚ್ಚುತ್ತದೆ. ತೊಳೆದ ಕೂಡಲೇ ದವಾಖಾನೆಗೆ ಹೊರಡಿ. ಮರುದಿನದವರೆಗೆ ಕಾಯುವ ಕಾಯಿಲೆ ಇದಲ್ಲ, ಇದಕ್ಕೆ ಬೆಕ್ಕು ಸಾಯುವುದೂ ಉಂಟು. ಕಾರಣ ಏನೇ ಇರಲಿ, ಐದು ನಿಮಿಷ ದಾಟಿದರೆ, ಅಥವಾ ಒಂದು ದಿನದಲ್ಲಿ ಎರಡು ಸಲ ಬಂದರೆ, ರಾತ್ರಿಯಾದರೂ ಹೊರಡಲೇಬೇಕು.

ಮೈಗೆ ಏನೂ ಹಚ್ಚದೆ, ಏನೂ ತಿನ್ನದೆ ಮತ್ತೆ ಬಂದರೆ ಮಾತು ಬೇರೆ. ಆಗ ರಕ್ತ ಪರೀಕ್ಷೆ ಮಾಡಿ ಸಕ್ಕರೆ, ಕಿಡ್ನಿ, ಲಿವರ್ ನೋಡುತ್ತೇವೆ. ಬೇಕಾದರೆ ಸೆಳವು ತಡೆಯುವ ಫಿನೋಬಾರ್ಬಿಟಾಲ್ ಮಾತ್ರೆ ಶುರು ಮಾಡುತ್ತೇವೆ. ಅದು ರಕ್ತದಲ್ಲಿ ಸರಿಯಾದ ಮಟ್ಟಕ್ಕೆ ಬರಲು ಸುಮಾರು ಎರಡು ವಾರ ಬೇಕು. ಒಮ್ಮೆ ಶುರು ಮಾಡಿದರೆ ಆರಾಮಾಯಿತು ಅಂತ ತಾವಾಗಿ ನಿಲ್ಲಿಸುವ ಹಾಗಿಲ್ಲ. ಮನುಷ್ಯರ ಮಾತ್ರೆ ಯಾವುದನ್ನೂ ಮನೆಯಲ್ಲೇ ಕೊಡಬೇಡಿ. ಜ್ವರದ ಪ್ಯಾರಾಸಿಟಮಾಲ್ ಒಂದೇ ಒಂದು ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು.

ತಪ್ಪು ನನ್ನದೇ ಅಂತ ನೀವು ಬರೆದಿಲ್ಲ. ಆದರೆ ಈ ಉತ್ತರ ಓದಿದ ಮೇಲೆ ಹಾಗೆ ಅನಿಸಿ ರಾತ್ರಿ ನಿದ್ದೆ ಬರದೇ ಹೋಗಬಹುದು. ಚಿಗಟದ ಕಾಟ ತಪ್ಪಲಿ ಅಂತ ಹಾಕಿದ್ದೀರಿ. ನಾಯಿಯ ಔಷಧಿ ಬೆಕ್ಕಿಗೆ ಆಗದು ಅಂತ ನಿಮಗೆ ಯಾರೂ ಹೇಳಿರಲಿಲ್ಲ, ಅಲ್ವಾ? ಮುಂದಿನ ಸಲ ಬೆಕ್ಕಿನ ಚಿತ್ರ ಇರುವ, ಅದರ ತೂಕಕ್ಕೆ ಹೊಂದುವ ಔಷಧಿಯನ್ನೇ ಡಾಕ್ಟರನ್ನು ಕೇಳಿ ತನ್ನಿ. ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿ. ಅವರು ನಾಯಿಗೆ ಆ ಹನಿ ಹಾಕಿದಾಗ ನಿಮಗೆ ತಿಳಿಸಲಿ. ಮೂರು ದಿನ ಶೇಂಗಾ ಆ ನಾಯಿಯ ಮೈಗೆ ಒರಗಿ ಮಲಗದ ಹಾಗೆ, ಅದನ್ನು ನೆಕ್ಕದ ಹಾಗೆ ನೋಡಿಕೊಳ್ಳಿ.