ಡಾಲಸ್‌ನ ಆರನೇ ಮಹಡಿಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಊರಿಂದ ಅಪ್ಪ ಅಮ್ಮ ಬರ್ತಿದ್ದಾರೆ, 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಗೆ ಯಾವ ಕಟ್ಟಡದಿಂದ ಗುಂಡು ಹೊಡೆದರೋ ಅದರಲ್ಲೇ ಇರುವ ಸಿಕ್ಸ್ತ್ ಫ್ಲೋರ್ ಮ್ಯೂಸಿಯಂಗೆ ಕರೆದುಕೊಂಡು ಹೋದರೆ ಅವರಿಗೆ ಬೇಜಾರಾಗುತ್ತಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಿ. ನನಗೂ ಇದೇ ಅನುಮಾನ ಇತ್ತು.

ಹೊರಗಿನಿಂದ ನೋಡಿದರೆ ಅದು ಏಳು ಮಹಡಿಯ ಹಳೇ ಇಟ್ಟಿಗೆ ಕಟ್ಟಡ, ಅಷ್ಟೇ. ಆಗ ಶಾಲೆಗಳಿಗೆ ಪಠ್ಯಪುಸ್ತಕ ಕಳಿಸುವ ಗೋದಾಮಾಗಿತ್ತು. ಗುಂಡು ಹೊಡೆದವನು ಅಂತ ಪೊಲೀಸರು ಹಿಡಿದ ಆಸ್ವಾಲ್ಡ್ ಅಲ್ಲೇ ಕೆಲಸಕ್ಕಿದ್ದ, ಸೇರಿ ಒಂದು ತಿಂಗಳ ಮೇಲೆ ಸ್ವಲ್ಪ ದಿನ ಆಗಿತ್ತು. ಆಮೇಲೆ ಇದನ್ನು ಕೆಡವಿಬಿಡಿ, ಊರಿಗೇ ಅವಮಾನ ಅಂದವರೂ ಇದ್ದರು. 1977ರಲ್ಲಿ ಕೌಂಟಿಯವರು, ಅಂದರೆ ಅಲ್ಲಿನ ಜಿಲ್ಲಾಡಳಿತದವರು, ಕೊಂಡುಕೊಂಡು ಕೆಳಗಿನ ಮಹಡಿಗಳಲ್ಲಿ ಆಫೀಸು ಮಾಡಿದರು. ಆರನೇ ಮಹಡಿಯಲ್ಲಿ ಮ್ಯೂಸಿಯಂ ಶುರುವಾಗಿದ್ದು 1989ರಲ್ಲಿ.

ಗುಂಡು ಹೊಡೆದ 1963ರಲ್ಲಿ ನಮ್ಮಪ್ಪ ಹೈಸ್ಕೂಲು. ಗುಂಡು ಹಾರಿದ್ದು ಇಲ್ಲಿ ಮಧ್ಯಾಹ್ನ 12:30ಕ್ಕೆ, ಅಂದರೆ ನಮ್ಮಲ್ಲಿ ನಡುರಾತ್ರಿ, ಹಾಗಾಗಿ ಬೆಳಿಗ್ಗೆ ಪಂಚಾಯಿತಿ ರೇಡಿಯೋದಲ್ಲಿ ಕೇಳಿದ್ದಂತೆ, ಆ ಹಿಂದಿನ ವರ್ಷ ತಾನೇ ಕೆನಡಿ ಹೆಂಡತಿ ಆಗ್ರಾ, ಉದಯಪುರ ಅಂತ ಸುತ್ತಾಡಿ ಹೋಗಿದ್ದರಲ್ಲ, ಊರವರೆಲ್ಲ ಪಾಪ ಆ ಹೆಣ್ಣುಮಗಳು ಅಂದರಂತೆ. ಇದನ್ನು ಲಿಫ್ಟ್ ಹತ್ತುವ ತನಕ ಅವರು ನನಗೆ ಹೇಳಿಯೇ ಇರಲಿಲ್ಲ.

ಮೇಲೆ ಗುಂಡು ಹಾರಿದ ಆ ಮೂಲೆ ಕಿಟಕಿಯ ಸುತ್ತ ಗಾಜು ಹಾಕಿದ್ದಾರೆ. ಒಳಗೆ ಪುಸ್ತಕದ ರಟ್ಟಿನ ಡಬ್ಬಗಳು, ಅವತ್ತು ಇದ್ದ ಹಾಗೇ ಒಂದರ ಮೇಲೊಂದು. ಅಲ್ಲಿ ನಿಲ್ಲೋಕೆ ಬಿಡುವುದಿಲ್ಲ. ಪಕ್ಕದ ಕಿಟಕಿಗಳಿಂದ ಕೆಳಗೆ ನೋಡಬಹುದು. ಅಪ್ಪ ನೋಡಿದರು, ಅವತ್ತು ಕೆನಡಿ ಕಾರು ಹೋಗುತ್ತಿದ್ದ ಎಲ್ಮ್ ಸ್ಟ್ರೀಟಿನಲ್ಲಿ ಕಾರುಗಳು ಸುಮ್ನೆ ಹೋಗ್ತಾ ಇದ್ದವು. "ಇಷ್ಟೇನಾ ದೂರ?" ಅಂದರು. ಕೊನೇ ಗುಂಡು ಬಿದ್ದ ಜಾಗಕ್ಕೆ ಅಲ್ಲಿಂದ ಸುಮಾರು 81 ಮೀಟರ್. ಫೋಟೋಗಳಲ್ಲಿ ಎಷ್ಟು ಸಲ ನೋಡಿದ್ದರೂ ನನಗೆ ಅದು ಯಾವಾಗಲೂ ದೊಡ್ಡ ಬಯಲು ಅನ್ನಿಸಿತ್ತು. ನಿಜಕ್ಕೂ ನೋಡಿದರೆ ನಮ್ಮೂರ ಶಾಲೆ ಮೈದಾನದ ಈ ಕಡೆಯಿಂದ ಆ ಕಡೆಗೆ ಇರುವಷ್ಟು.

ಅಮ್ಮನಿಗೆ ಕಿಟಕಿ, ಗುಂಡು ಯಾವುದೂ ಬೇಕಿರಲಿಲ್ಲ. ಕೆನಡಿ ಮಗನ ಬಗ್ಗೆ ಹೇಳಿದೆ: ಅಪ್ಪನ ಅಂತ್ಯಕ್ರಿಯೆ ಆದ ನವೆಂಬರ್ 25ಕ್ಕೇ ಅವನಿಗೆ ಮೂರು ತುಂಬಿದ್ದು. ಆಮೇಲೆ ಅವರು ಹೆಚ್ಚು ಮಾತಾಡಲಿಲ್ಲ. ಬೇಜಾರು ಅಂದರೆ ಇಷ್ಟೇ ಆಗಿದ್ದು.

ಯಾರು ಮಾಡಿಸಿದ್ದು ಅನ್ನುವ ಚರ್ಚೆಗಾಗಿ ಮಾತ್ರ ಹೋಗಬೇಡಿ. 1964ರಲ್ಲಿ ತನಿಖೆ ಮಾಡಿದ ವಾರನ್ ಆಯೋಗ ಆಸ್ವಾಲ್ಡ್ ಒಬ್ಬನೇ ಅಂತು, 1979ರಲ್ಲಿ ಸಂಸತ್ತಿನ ಸಮಿತಿ ಪಿತೂರಿ ಇದ್ದಿರಬಹುದು ಅಂತು. ಅದನ್ನು ಮನೆಯಲ್ಲೇ ಕೂತು ಓದಬಹುದು, ಅಲ್ವಾ? ಹೊರಗೆ ಹುಲ್ಲುದಿಬ್ಬದ ಹತ್ತಿರ ತಮ್ಮದೇ ಥಿಯರಿ ಹೇಳುವವರು ಸಿಗುತ್ತಾರೆ, ನಿಮ್ಮ ತಂದೆ ಮಾತುಗಾರರಾಗಿದ್ದರೆ ಅಲ್ಲಿಂದ ಹೊರಡಿಸುವುದು ಕಷ್ಟ.

ಆಡಿಯೋ ಗೈಡ್ ಕೊಡುತ್ತಾರೆ, ಕನ್ನಡ ಇಲ್ಲ. ನೀವೇ ಹೇಳುತ್ತಾ ಹೋಗಬೇಕು, ಓದೋದು ಜಾಸ್ತಿ, ಎರಡು ಗಂಟೆ ಇಟ್ಟುಕೊಳ್ಳಿ. ಇನ್ನೊಂದು, ಗುಂಡು ಬಿದ್ದ ಜಾಗ ಅಂತ ರಸ್ತೆ ಮೇಲೆ ಇಂಟು ಗುರುತು ಹಾಕಿದ್ದಾರೆ, ಜನ ಓಡುವ ಕಾರುಗಳ ಮಧ್ಯೆ ನುಗ್ಗಿ ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಪ್ಪನೂ ಒಂದು ಹೆಜ್ಜೆ ಇಟ್ಟೇಬಿಟ್ಟಿದ್ದರು, ಅಮ್ಮ ಅಂಗಿ ಹಿಡಿದು ಎಳೆದರು.